ಮಡಿಲಲ್ಲಿ ಮೂರು ಫ್ಯೂಸು

"ಲೇ ಮುಂಡೆ, ಕರೆಂಟ್ ಹೋಗಿ ಆಗ್ಲೇ ಒಂದ್ ಬೀಡಿ ಸೇದೋವಷ್ಟು ಹೊತ್ತಾಯ್ತು. ಒಳೀಕ್ ನುಗ್ಗೇ! ನಿನ್ನೇನ್ ಪಲ್ಲಕ್ಕೀಲಿ ಕುಂಡ್ರಿಸ್ಕಂಡ್ ಹೋಗ್ಬೇಕಾ?"

ಸಾಹುಕಾರ ಸೂರ್ಯಪ್ರಕಾಶ್ ಬಾಯಿ ತೆರೆದರೆ ಇಡೀ ನಾರಿನ ಮಿಲ್ಲಿಗೆ ಕೇಳುತ್ತಿತ್ತು. ಚಿಕ್ಕಗಂಗಮ್ಮ ಡ್ರಮ್ಮಿನ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕುಡುಗೋಲನ್ನು ಕಲ್ಲಿಗೆ ತಿಕ್ಕುತ್ತಲೇ ಇದ್ದಳು.

"ಪಲ್ಲಕ್ಕಿ ಯಾಕ್ ಸಾವ್ಕಾರ್ರೆ? ಆ ಸ್ವಿಚ್ಚು ಒಸಿ ಕೆಳೀಕ್ ಎಳೆಸ್ಬುಡಿ. ನಾನೇ ತೆವಳ್ಕಂಡ್ ಹೋಯ್ತೀನಿ."

"ಸ್ವಿಚ್ ಮುಟ್ಟಿದ್ರೆ ಕೈ ಮುರಿದ್ಬುಡ್ತೀನಿ. ಅವತ್ತು ಎಳ್ದಿಟ್ಟು, ಈ ನನ್ ಮಗ ಟೀ ಕುಡಿಯಾಕ್ ಹೋಗಿ, ಕರೆಂಟ್ ಬಂದ್ರೂ ಮಿಷನ್ನು ಸುಮ್ನೆ ನಿಂತಿತ್ತು."

'ಈ ನನ್ ಮಗ' ಎಂದರೆ ಮಿಷನ್ ನೋಡಿಕೊಳ್ಳುವ ದಯಾನಂದ. ಅವನು ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನು ಪರೀಕ್ಷೆ ಮಾಡತೊಡಗಿದ.

ಹೊನ್ನವಳ್ಳಿ ರಸ್ತೆಯ ಆ ಮಿಲ್ಲಿನಲ್ಲಿ ಕಾಯಿಮಟ್ಟೆ ಚಚ್ಚಿ ನಾರು ಬಿಡಿಸುತ್ತಿದ್ದುದು ಆ ಡ್ರಮ್ಮೇ. ಒಳಗೆಲ್ಲ ಕಬ್ಬಿಣದ ಹಲ್ಲು. ಓಡಿ ಓಡಿ ಹಲ್ಲಿಗೆಲ್ಲ ನಾರು ಸುತ್ತಿಕೊಂಡು ಜಡೆಗಟ್ಟುತ್ತಿತ್ತು. ಯಾರಾದರೂ ಒಳಗೆ ಹೋಗಿ ಕೊಯ್ದು ತೆಗೆಯಬೇಕು. ಇದ್ದವರಲ್ಲೆಲ್ಲ ಸಣಕಲಿ ಚಿಕ್ಕಗಂಗಮ್ಮ, ಹಾಗಾಗಿ ಆ ಕೆಲಸ ಅವಳದ್ದು. ಹೊರಬಂದಾಗ ಅಡಿಯಿಂದ ಮುಡಿಯವರೆಗೂ ಕಂದು ದೂಳು. "ಅತ್ತೆ, ನೀನು ಥೇಟ್ ಉಂಡೆಕೊಬ್ರಿ ಕಣೇ, ಮಾರ್ಕೆಟ್ಟಿಗಾಕಿದ್ರೆ ಒಳ್ಳೆ ರೇಟು," ಎಂದು ಜೊತೆಯಲ್ಲಿ ಮಟ್ಟೆ ಹೊರುವ ಅನಿತಾ ನಗಿಸುತ್ತಿದ್ದಳು.

ನಗು ನಿಂತದ್ದು ಆ ಡಬ್ಬಿ ಬಂದ ಮೇಲೆ. ಈ ಸೀಮೆಯ ತೋಟತೋಟದ ಬೋರ್‌ವೆಲ್ಲಿಗೂ ಅಂಥದೊಂದು ಆಟೋ ಡಬ್ಬಿ ಇರುತ್ತದೆ. ಸರಿಹೊತ್ತಿನಲ್ಲಿ ಕರೆಂಟ್ ಬಂದರೂ ಡಬ್ಬಿ ಟಕ್ ಎನ್ನುತ್ತದೆ, ಮೋಟರು ತಾನಾಗಿ ಓಡುತ್ತದೆ, ರೈತ ಮಲಗಿರಬಹುದು. ತೋಟದ ಬೋರು ಬತ್ತಿದಾಗ ಸಾಹುಕಾರ ಆ ಡಬ್ಬಿಯನ್ನು ಕಿತ್ತು ತಂದು ಮಿಲ್ಲಿನ ಮಿಷನ್ನಿಗೆ ಹಾಕಿಸಿದ್ದ. ಕೊಳವೆಯಲ್ಲಿ ನೀರಿದೆಯೋ, ಡ್ರಮ್ಮಿನಲ್ಲಿ ಹೆಂಗಸಿದ್ದಾಳೋ, ಡಬ್ಬಿಗೇನು ಗೊತ್ತು?

ಕಳೆದ ಕಾರ್ತೀಕದಲ್ಲಿ ಇನ್ನೊಬ್ಬ ಜೊತೆಗಾತಿ ಸುನಂದಾ ಹೊರಗೆ ನಿಂತು ಬರೀ ಕೈ ಹಾಕಿ ನಾರು ಎಳೆಯುತ್ತಿದ್ದಾಗ ಕರೆಂಟು ಬಂದಿತ್ತು. ಬಲಗೈಯ ಎರಡು ಬೆರಳು ನಾರಿನ ಜೊತೆಗೇ ಹೋದವು. ಸಾಹುಕಾರ ಐನೋರನ್ನು ಕರೆಸಿ ಮಿಷನ್ನಿಗೆ ಕುಂಕುಮ ಇಡಿಸಿ, ಕುಂಬಳಕಾಯಿ ಒಡೆಸಿ, ಡ್ರಮ್ಮಿನ ಬಾಯಿಗೆ ನಿಂಬೆಹಣ್ಣಿನ ಸರ ಕಟ್ಟಿಸಿದ. "ಅದ್ಕೆ ರಕ್ತ ಬೇಕಿತ್ತು, ಕುಡ್ಕಂತು. ಇನ್ನು ಶಾಂತವಾಗಿರುತ್ತೆ," ಎಂದರು ಐನೋರು.

"ಹಂಗಂತ ಮೊದ್ಲೇ ಯೋಳಿದ್ರೆ ಕೋಳಿ ಕುಯ್ತಿದ್ವಲ್ಲ ಸ್ವಾಮಿ," ಎಂದಿದ್ದಳು ಸುನಂದಾ, ಬ್ಯಾಂಡೇಜಿನ ಕೈ ಎತ್ತಿಕೊಂಡು. "ಸಾರಾದ್ರೂ ಆಗಿರೋದು."

ಅಷ್ಟರಲ್ಲಿ ಸಾಹುಕಾರನ ಫೋನು ಬಡಿದುಕೊಂಡಿತು. ಲೋಡಿಗೆ ಕಾದಿದ್ದ ಲಾರಿಯವನು. "ನಾನ್ ಬರೋದ್ರಲ್ಲಿ ಒಳಗಿರ್ಬೇಕು!" ಎಂದು ಬೆರಳು ತೋರಿಸಿ ಗೇಟಿನ ಕಡೆಗೆ ಹೋದ.

ದಯಾನಂದ ಸ್ವಿಚ್ ಪೆಟ್ಟಿಗೆಯ ಬೀಗ ತೆರೆದ. ತೆರೆದು, ಗೋಡೆಗೆ ಹೇಳುವವನಂತೆ ಹೇಳಿದ: "ನಾನು ಉಚ್ಚೆ ಹುಯ್ಕಂಡ್ ಬತ್ತೀನಿ. ನಂಗೆ ಸಕ್ಕರೆ ಕಾಯಿಲೆ, ತಡ ಆಯ್ತದೆ." ಹೋಗುವಾಗ ತನ್ನ ರಬ್ಬರ್ ಕೈಗವಸುಗಳನ್ನು ಪೆಟ್ಟಿಗೆಯ ಮೇಲೆ ಮರೆತು ಹೋದ.

ಹೆಂಗಸರು ಮುಖಮುಖ ನೋಡಿಕೊಂಡರು.

"ಹಿಡಿ ಕೆಳೀಕ್ ಎಳ್ದ್ರೆ ಸಾವ್ಕಾರ ಬಂದು ಮೇಲಿಕ್ ತಳ್ತಾನೆ," ಎಂದಳು ಸುನಂದಾ. "ಫ್ಯೂಸ್ ಕಿತ್ರೆ?"

"ಎಲ್ಲಿಕ್ಕದು? ಹುಡುಕ್ತಾನೆ," ಎಂದಳು ಅನಿತಾ.

ಅನಿತಾ ಸುತ್ತಲೂ ಕಣ್ಣಾಡಿಸಿದಳು. ಆಮೇಲೆ ಸುನಂದಾಳ ಮುಖ ಅರಳಿತು. "ಗಂಗಕ್ಕ, ಮಡಿಲು ಒಡ್ಡೇ!"

ಅನಿತಾ ಹಿಡಿ ಎಳೆದು, ಕೈಗವಸು ತೊಟ್ಟು ಮಿಷನ್ನಿನ ಮೂರೂ ಪಿಂಗಾಣಿ ಫ್ಯೂಸು ಕಿತ್ತಳು. ಸುನಂದಾ ಮಿಷನ್ನಿನ ಹಣೆಯ ಕುಂಕುಮವನ್ನು ಉಳಿದ ಬೆರಳುಗಳಿಂದ ಕೆರೆದು ಚಿಕ್ಕಗಂಗಮ್ಮನ ಹಣೆಗೆ ಒತ್ತಿದಳು.

"ಏಯ್, ನಾನು ಗಂಡ ಸತ್ತೋಳು ಕಣೇ!"

"ನೀನು ಗಂಡನ್ ತಿಂದೋಳು ಅಂತಾರೆ, ಈ ಮಿಷನ್ನು ನನ್ ಬೆರಳು ತಿಂದಿಲ್ವಾ? ಅದ್ಕೂ ಕುಂಕುಮ ಇಕ್ಕವ್ರೆ, ನಿಂಗೇನು ದಾಡಿ?"

ಗಂಡ ಹೋದ ಮೇಲೆ ಯಾವ ಮನೆಯ ಹೊಸಿಲಲ್ಲೂ ಯಾರೂ ಅವಳ ಸೆರಗಿಗೆ ಒಂದು ಹಿಡಿ ಅಕ್ಕಿ ಹಾಕಿರಲಿಲ್ಲ. ಈಗ ಒಂದು ಕೊಬ್ಬರಿ ಗಿಟುಕು ಬಿತ್ತು. ಸುನಂದಾಳ ಎಲೆಅಡಿಕೆ ಚೀಲದಿಂದ ಎರಡು ವೀಳ್ಯದೆಲೆ, ಅದರ ಮೇಲೆ ಒಂದೊಂದಾಗಿ ಮೂರು ಫ್ಯೂಸು. ಅನಿತಾ ಸೋಬಾನೆ ಎತ್ತಿಯೇಬಿಟ್ಟಳು:

"ಕರೆಂಟಿನೂರಿನ ಮಗಳೇ, ಡ್ರಮ್ಮಿನ ಮನೆಗ್ ಹೋಗಿ ಬಾರೇ..."

ನಕ್ಕು ನಕ್ಕು ಯಾರಿಗೂ ನಿಲ್ಲಲಾಗಲಿಲ್ಲ. ಚಿಕ್ಕಗಂಗಮ್ಮ ಸೆರಗನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ, ಬಸುರಿಯ ಹಾಗೆ ಹೊಟ್ಟೆ ಹಿಡಿದುಕೊಂಡು ಡ್ರಮ್ಮಿನೊಳಗೆ ತೆವಳಿದಳು. ಮೊದಲ ಸಲ ಅವಳು ಡಬ್ಬಿಯ ಸದ್ದಿಗೆ ಕಿವಿ ಇಡಲಿಲ್ಲ. ಜಡೆಯನ್ನು ನಿಧಾನವಾಗಿ ಕೊಯ್ದಳು.

ಛಾವಣಿಯ ಬಲ್ಬು ಭಗ್ಗನೆ ಹತ್ತಿತು. ಡಬ್ಬಿ ತೆಪ್ಪಗಿತ್ತು. ಡ್ರಮ್ಮೂ ಅಲುಗಲಿಲ್ಲ.

ಸಾಹುಕಾರ ಓಡಿ ಬಂದ. ಬಲ್ಬು ನೋಡಿದ, ಡ್ರಮ್ಮು ನೋಡಿದ, ಖಾಲಿ ಪೆಟ್ಟಿಗೆ ನೋಡಿದ. "ಯಾವ ಬೋಸುಡಿ ಕಿತ್ತಿದ್ದು ಫ್ಯೂಸ್ನ?"

"ನನ್ ಮಡಿಲಗವೆ ಸಾವ್ಕಾರ್ರೆ," ಡ್ರಮ್ಮಿನೊಳಗಿಂದ ದನಿ ಗುಂಯ್‌ಗುಟ್ಟಿತು.

"ಹೊರೀಕ್ ಎಸಿಯೇ!"

"ಮಡಿಲಕ್ಕಿ ಎಸೀತಾರಾ? ಬೇಕಾದ್ರೆ ಒಳೀಕ್ ಬಂದು ಇಸ್ಕಳಿ."

ಅವನು ಹಲ್ಲು ಕಚ್ಚಿ ಬಗ್ಗಿದ. ತಲೆ ಒಳಗೆ ಹೋಯಿತು, ಒಂದು ಕೈಯೂ ಹೋಯಿತು. ಆಗ ಸುನಂದಾ ಕಾಲಡಿಯ ಖಾಲಿ ತಗಡಿನ ಡಬ್ಬ ಎತ್ತಿ ನೆಲಕ್ಕೆ ಕುಕ್ಕಿದಳು. ಟಕ್!

"ಅಯ್ಯೋ ನಮ್ಮವ್ವಾ!"

ಸಾಹುಕಾರ ಹಾರಿದ ಹಾರಾಟಕ್ಕೆ ನಿಂಬೆಹಣ್ಣಿನ ಸರ ಕಿತ್ತು ಅವನ ಕೊರಳಿಗೇ ಬಿತ್ತು. ಮಟ್ಟೆಯ ಗುಡ್ಡೆಯ ಮೇಲೆ ಅಂಗಾತ ಬಿದ್ದವನು ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಫ್ಯೂಸಿಲ್ಲದ ಮಿಷನ್ನು ಓಡುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

"ಏನ್ರೇ ಅದು ಸದ್ದು?" ಒಳಗಿಂದ ಕೇಳಿದಳು ಚಿಕ್ಕಗಂಗಮ್ಮ.

"ಏನಿಲ್ಲ ಕಣಕ್ಕ, ಸಾವ್ಕಾರ್ರಿಗೆ ಶಾಂತಿ ಆಯ್ತು!"

ಡ್ರಮ್ಮು ನಕ್ಕಿತು. ಹೊರಗಿನವರೂ ಕಣ್ಣೀರು ಬರುವ ಹಾಗೆ ನಕ್ಕರು.

"ನಾಳೆಯಿಂದ ಒಬ್ಳೂ ಗೇಟಿನೊಳೀಕ್ ಕಾಲಿಕ್ಕಂಗಿಲ್ಲ!" ಎಂದು ಅವನು ಕಿರುಚಿದ. ಕೊರಳಲ್ಲಿ ನಿಂಬೆಹಣ್ಣು ಕುಣಿಯುತ್ತಿದ್ದುದರಿಂದ ನಗು ನಿಲ್ಲಲಿಲ್ಲ.

ಚಿಕ್ಕಗಂಗಮ್ಮ ಕೊನೆಯ ಎಳೆಯನ್ನೂ ಕೊಯ್ದು ಹೊರಗೆ ಬಂದಳು. ಸುನಂದಾ ಮೂರು ಬೆರಳಿನ ಕೈ ಕೊಟ್ಟು ಎಬ್ಬಿಸಿದಳು. ಕಂದು ದೂಳಿನ ಹಣೆಯ ಮೇಲೆ ಕುಂಕುಮ ಮಾತ್ರ ಕೆಂಪಗಿತ್ತು. ಅವಳು ನೇರವಾಗಿ ಹೋಗಿ ಬಲ್ಬಿನ ಕೆಳಗೆ ಕಾಲು ಚಾಚಿ ಕೂತು, ಮಡಿಲ ಗಂಟಿನ ಮೇಲೆ ಎರಡೂ ಕೈ ಇಟ್ಟುಕೊಂಡಳು. ಅನಿತಾ ಒಂದು ಪಕ್ಕ ಕೂತಳು, ಸುನಂದಾ ಇನ್ನೊಂದು ಪಕ್ಕ.

"ಫ್ಯೂಸ್ ಕೊಡೇ, ಲಾರಿ ನಿಂತದೆ," ಎಂದ ಸಾಹುಕಾರ. ಕೈ ಮುಂದೆ ಬಂತು, ಮಡಿಲವರೆಗೂ ಬಂದು ಅಲ್ಲೇ ನಿಂತಿತು. ಗೇಟಿನಲ್ಲಿ ಲಾರಿಯವನೂ ಕ್ಲೀನರನೂ ನೋಡುತ್ತಿದ್ದರು.

"ಮೊದ್ಲು ಆ ಡಬ್ಬಿ ಬಿಚ್ಚಿ," ಎಂದಳು ಚಿಕ್ಕಗಂಗಮ್ಮ. "ಆಮ್ಯಾಕೆ ನಾನು ಮಡಿಲು ಬಿಚ್ತೀನಿ."

ಉಚ್ಚೆಗೆ ಹೋಗಿದ್ದ ದಯಾನಂದ ಅಷ್ಟು ಹೊತ್ತಿಗೆ ಬಂದ. ಸಾಹುಕಾರನ ಮುಖ ನೋಡಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಅಂಗಿಯ ತುದಿಯಿಂದ ಅದರ ಮೊನೆಯನ್ನು ಒರೆಸತೊಡಗಿದ.