ಸೊಪ್ಪು ಮಾಡಿದ್ದು ಯಾರು?

ಅಮೆರಿಕದ ಜಾರ್ಜಿಯಾದ ನಮ್ಮೂರ ಚರ್ಚಿನ ಊಟದಲ್ಲಿ 'ಮಾಡಿದ್ದು ಯಾರು?' ಎಂದು ಕೇಳದೆ ಯಾರೂ ಸೊಪ್ಪಿನ ಪಾತ್ರೆಗೆ ಸೌಟು ಹಾಕುವುದಿಲ್ಲ. ಪಾದ್ರಿಯ ಹೆಂಡತಿ ಮಾಡಿದ್ದರೂ ಅಷ್ಟೇ. ಹೆಸರು ಒಪ್ಪಿಗೆಯಾಗದಿದ್ದರೆ ಪಾತ್ರೆ ತುಂಬಿದ್ದಂತೆಯೇ ಮನೆಗೆ ವಾಪಸ್ಸು.

ನನ್ನಣ್ಣ ರಾಸ್ಕೋ ಈ ವಿಷಯದಲ್ಲಿ ದೊಡ್ಡ ಜಡ್ಜು. ಚಳಿಗಾಲದಲ್ಲಿ ಅವನ ಹೃದಯಕ್ಕೆ ಆಪರೇಷನ್ ಆಯಿತು. ಹಂದಿಮಾಂಸ ಮುಟ್ಟಬೇಡ ಎಂದರು ಡಾಕ್ಟರು. ಮಹಾರಾಯ ಕೇಳಬೇಕಲ್ಲ! "ಹಂದಿ ಮೂಳೆ ಹಾಕದ ಸೊಪ್ಪನ್ನ ಮೊಲ ತಿನ್ನುತ್ತೆ, ನಾನಲ್ಲ," ಎಂದು ಅತ್ತಿಗೆ ಲವೋನಿಯಾ ಬಡಿಸಿದ್ದನ್ನು ತಳ್ಳಿ, ಬೀದಿ ಮೂಲೆಯ ಹೋಟೆಲಿಗೆ ಕದ್ದು ಹೋಗುತ್ತಿದ್ದ.

"ಹೀಗೇ ಆದ್ರೆ ಇವರು ನನಗೆ ಉಳಿಯಲ್ಲ, ಒಡೆಸ್ಸಾ," ಎಂದು ಅತ್ತಿಗೆ ಅತ್ತಳು.

ಶನಿವಾರ ಅವಳ ಅಡುಗೆಮನೆಗೆ ಹೋದೆ. ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್, ಅಣಬೆ ಬೇಯಿಸಿ ಬಸಿದ ಕಟ್ಟು ಒಲೆಯ ಮೇಲೆ ಕುದಿಯುತ್ತಿತ್ತು. ಅದಕ್ಕೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಪುಡಿ, ಮೇಲೆ ಇನ್ನಷ್ಟು ಖಾರ. ಹಂದಿ ಇಲ್ಲದೆಯೂ ಹೊಗೆಯ ವಾಸನೆ ಘಮ್ಮೆಂದಿತು. ಅತ್ತಿಗೆ ಮಾತ್ರ ಕಾಲರ್ಡ್ ಸೊಪ್ಪನ್ನು ತೊಳೆದೇ ತೊಳೆದಳು.

"ಅಯ್ಯೋ, ಸೊಪ್ಪಿಗೆ ದೀಕ್ಷಾಸ್ನಾನ ಮಾಡಿಸ್ತಿದ್ದೀಯಾ ಅತ್ತಿಗೆ? ಸಾಕು ಬಿಡು!"

"ನೀನು ಸುಮ್ನಿರು. ಅವರು ಮುಟ್ಟಿದ್ರೆ ತಾನೇ?"

"ನಾನೇ ಮಾಡಿದ್ದು ಅಂತೀನಿ, ಹಂದಿ ಮೂಳೆ ಹಾಕಿದೆ ಅಂದ್ಕೊಂಡು ತಿಂತಾನೆ. ಸುಳ್ಳಿನ ಪಾಪ ನನಗಿರಲಿ."

ಭಾನುವಾರ ಚರ್ಚಿನ ಊಟದಲ್ಲಿ ಅಣ್ಣ ಸೌಟು ಹಿಡಿದು ಪಾತ್ರೆಯ ಮುಂದೆ ನಿಂತ. "ಸೊಪ್ಪು ಮಾಡಿದ್ದು ಯಾರು?"

"ನಾನೇ," ಎಂದೆ, ಎದೆ ಸೆಟೆಸಿ.

ಅವನು ಬಡಿಸಿಕೊಂಡ. ಒಂದು ತುತ್ತು ತಿಂದು ನನ್ನನ್ನೇ ನೋಡಿದ. ಆಮೇಲೆ ಮೆಕ್ಕೆಜೋಳದ ರೊಟ್ಟಿಯನ್ನು ಕಟ್ಟಿನಲ್ಲಿ ಅದ್ದಿ ಅದ್ದಿ ತಿಂದ. ಅತ್ತಿಗೆ ಅವನ ತಟ್ಟೆಯನ್ನೇ ನೋಡುತ್ತ ಕೂತಿದ್ದಳು. ತಟ್ಟೆ ಖಾಲಿಯಾಯಿತು. ಅವನು ಅದನ್ನು ನನಗೆ ಕೊಡಲಿಲ್ಲ, ಅವಳ ಮುಂದೆ ಚಾಚಿದ.

"ಇನ್ನಷ್ಟು ಹಾಕು ಲವೋನಿಯಾ. ನಾಳೆಯಿಂದ ಮನೇಲೂ ಇದನ್ನೇ ಮಾಡು."

"ಹೇಗೆ ಮಾಡೋದು ಅಂತ ಒಡೆಸ್ಸಾನ್ನ ಕೇಳ್ಬೇಕು," ಎಂದಳು ಅತ್ತಿಗೆ ಮೆಲ್ಲಗೆ.

"ಅವಳನ್ನೇನು ಕೇಳ್ತೀಯ? ಅವಳು ಸೌಟು ಹಿಡಿದಾಗಿಂದ ಅವಳ ಕೈ ಸೊಪ್ಪು ತಿಂತಿದ್ದೀನಿ. ಇವತ್ತು ಹಲ್ಲಿಗೆ ಒಂದು ಹರಳು ಮರಳೂ ಸಿಗಲಿಲ್ಲ. ಇದು ಅವಳು ಮಾಡಿದ್ದು ಹೇಗಾಗುತ್ತೆ?"

ಚರ್ಚಿಗೆ ಚರ್ಚೇ ಗೊಳ್ಳೆಂದಿತು. ಅತ್ತಿಗೆ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ನನ್ನ ಮಾನ ಮೂರು ಕಾಸಿಗೆ ಹರಾಜು! ಇನ್ನು ಈ ಊರಲ್ಲಿ ನನ್ನ ಸೊಪ್ಪನ್ನು ಯಾರೂ ಮುಟ್ಟುವುದಿಲ್ಲ.

ಹೋಗಲಿ ಬಿಡಿ. ಅಣ್ಣ ತಟ್ಟೆ ಎತ್ತಿ ಕಟ್ಟನ್ನು ಕುಡಿಯುತ್ತಿದ್ದ.