ಹೆಂಗಸರ ಕಡೆಯ ಕುರ್ಚಿ

ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಳಗೆ ಬಂದ ಮನುಷ್ಯನನ್ನು ಅಂಪೋಫೊ ಪಾದಗಳಿಂದಲೇ ಗುರುತು ಹಿಡಿದ. ಬರಿನೆಲ ಮುಟ್ಟಿ ಅಭ್ಯಾಸವಿಲ್ಲದ, ಎಣ್ಣೆ ತಿಕ್ಕಿಸಿಕೊಂಡ ಪಾದಗಳು. ಅಗ್ಗದ ರಬ್ಬರ್ ಚಪ್ಪಲಿಯೊಳಗೆ ಅವು ಬೇರೆಯವರ ಮನೆಗೆ ಬಂದ ನೆಂಟರಂತೆ ಮುದುಡಿಕೊಂಡಿದ್ದವು.

"ಹೊಸಬರು. ಹೆಸರು ಅಡು ಅಂತೆ," ಎಂದ ಟೆಟ್ಟೆ. "ನಿಮ್ಮ ಸೀಮೆಯವರ ಹಾಗೆ ಮಾತಾಡ್ತಾರೆ. ಅಂಪೋಫೊ, ಇವರು ನಿನ್ನ ಪಾಲು."

ಕುಮಾಸಿ ಪಟ್ಟಣದ ಒಂದು ಚರ್ಚಿನ ಹಿಂದಿನ ಕೋಣೆ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಗಂಡಸರು ಗುರುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು. ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಲಾಸ್ಕ್, ಎರಡು ನಿಯಮ. ಹೊಸಬನಿಗೆ ಹಳಬನೊಬ್ಬ ಜೊತೆ ಕೊಟ್ಟು ತನ್ನ ಕತೆ ಹೇಳಬೇಕು. ಇಲ್ಲಿ ಕೇಳಿದ್ದು ಹೊಸಿಲು ದಾಟಬಾರದು. ನಿವೃತ್ತ ರೈಲು ಗಾರ್ಡ್ ಟೆಟ್ಟೆ ಇದಕ್ಕೆಲ್ಲ ಹಿರಿಯ.

ಪಾಲು! ಅಂಪೋಫೊನ ಬಾಯಲ್ಲಿ ನೀರೂರಿತು.

ಆ ಮನುಷ್ಯನ ಹೆಸರು ಅಡು ಅಲ್ಲ. ಅವನು ಅಂಪೋಫೊನ ಊರು ಅಸುಕ್ರೋಮದ ಮುಖ್ಯಸ್ಥ ದಾಂಕ್ವಾ; ಊರವರ ಬಾಯಲ್ಲಿ 'ನಾನಾ', ಅಂದರೆ ದೊರೆ. ಎರಡು ವರ್ಷದ ಹಿಂದೆ ಅಂಪೋಫೊನ ಅಕ್ಕ ತೀರಿಕೊಂಡಳು. ಅಂಪೋಫೊಗೆ ಆಗಷ್ಟೇ ಆಪರೇಷನ್ ಆಗಿತ್ತು. ಕಾಯಿಲೆ ಮೂಳೆಗೆ ಇಳಿದಿದ್ದರಿಂದ ಬೀಜ ತೆಗೆಸಿಕೊಂಡಿದ್ದ, ಆ ಸುದ್ದಿ ಅವನಿಗಿಂತ ಮೊದಲೇ ಊರು ತಲುಪಿತ್ತು. ಶವದ ಮುಂದೆ, ಅಕ್ಕನ ಒಬ್ಬನೇ ತಮ್ಮನಾಗಿ ಗಂಡಸರ ಸಾಲಿನಲ್ಲಿ ಕೂರಲು ಹೋದಾಗ ಮುಖ್ಯಸ್ಥನ ವಕ್ತಾರ ಚಿನ್ನದ ಹಿಡಿಯ ಕೋಲನ್ನು ಅಡ್ಡ ಹಿಡಿದ.

"ನಾನಾ ಹೇಳ್ತಾರೆ: ಬೀಜ ತೆಗೆದ ಹೋತ ಆಡಿನ ಮಂದೇಲಿ ಇರ್ಬೇಕು. ಆ ಕಡೆ ಹೋಗಿ ಕೂತ್ಕೋ."

ಛತ್ರಿಯ ನೆರಳಲ್ಲಿ ದಾಂಕ್ವಾ ನಗುತ್ತಿದ್ದ. ಅಂಪೋಫೊ ಅಂಗಳ ದಾಟಿ ಹೆಂಗಸರ ಕಡೆ ಹೋಗಿ ಕೂತ. ಇನ್ನೂರು ಜನ ನೋಡಿದರು. ಅವತ್ತಿನಿಂದ ಅವನು ದಾಂಕ್ವಾನನ್ನು ದಿನವೂ ಒಂದೊಂದು ಬಗೆಯಲ್ಲಿ ಕೊಂದಿದ್ದ: ಹಲ್ಲುಜ್ಜುವಾಗ, ಫುಫು ಮುದ್ದೆ ನುಂಗುವಾಗ, ಪ್ರಾರ್ಥನೆಯಲ್ಲಿ.

ಈಗ ಆ ದಾಂಕ್ವಾ ಆಸ್ಪತ್ರೆಯ ಕಾಗದ ಚಾಚಿ ಕೂತಿದ್ದಾನೆ. ಅವನಿಗೂ ಗುರುತು ಸಿಕ್ಕಿದೆ. ಇಬ್ಬರೂ ಹೇಳಿಕೊಳ್ಳಲಿಲ್ಲ.

"ಸೊಂಟದ ಮೂಳೆಗೆ ಬಂದಿದೆಯಂತೆ," ಎಂದ ದಾಂಕ್ವಾ ಮೆಲ್ಲಗೆ. "ಆಪರೇಷನ್ ಮಾಡಿಸು, ಇಲ್ಲಾ ಮೂರು ತಿಂಗಳಿಗೊಂದು ಸೂಜಿ ಹಾಕಿಸ್ಕೊ ಅಂತಾರೆ ಡಾಕ್ಟರು. ನೀನು... ನಿಂಗೆ ನೋವಾಯ್ತಾ?"

"ಹಲ್ಲು ಕೀಳಿಸಿದಷ್ಟೂ ಇಲ್ಲ. ಬೆಳಿಗ್ಗೆ ಹೋದೆ, ಸಂಜೆ ಮನೇಲಿ ಸಾರು ಕುಡೀತಿದ್ದೆ. ಒಂದೇ ಸಲ. ಆಮೇಲೆ ಚಿಂತೆ ಇಲ್ಲ."

ಇದೆಲ್ಲ ನಿಜ. ನಿಜ ಹೇಳುತ್ತಲೇ ಒಬ್ಬನನ್ನು ಮುಗಿಸಬಹುದೆಂದು ಅಂಪೋಫೊಗೆ ಹೊಳೆದು ಮೈ ಜುಮ್ಮೆಂದಿತು. ಪೀಠದ ಮೇಲೆ ಕೂತವನ ದೇಹ ಇಡಿಯಾಗಿರಬೇಕು. ಒಂದು ಬೆರಳು ಹೋದರೂ ಪೀಠ ಹೋಯಿತು, ಇನ್ನು ಅದು ಹೋದರೆ?

"ಸೂಜಿ?" ಎಂದ ದಾಂಕ್ವಾ.

"ಅಯ್ಯೋ, ಸೂಜಿ!" ಇಲ್ಲಿ ಅಂಪೋಫೊ ಆಸೆಬುರುಕನಾದ. "ನಂಬಬೇಡಿ. ಹಾಕಿಸ್ಕೊಂಡೋರು ಯಾರೂ ವರ್ಷ ದಾಟಿಲ್ಲ."

ಫ್ಲಾಸ್ಕಿನ ಹತ್ತಿರ ನಿಂತಿದ್ದ ಟೆಟ್ಟೆ ತಿರುಗಿದ. "ಹೌದಾ? ನಾನು ಆರು ವರ್ಷದಿಂದ ಸೂಜೀಲೇ ಇದೀನಿ. ಹಾಗಾದ್ರೆ ಸತ್ತು ಐದು ವರ್ಷ ಆಯ್ತು. ನನ್ ಹೆಂಡ್ತಿ ಹೇಳ್ಲೇ ಇಲ್ಲ ನೋಡು."

ಕೋಣೆಯೆಲ್ಲ ನಕ್ಕಿತು. ಟೆಟ್ಟೆ ನಗಲಿಲ್ಲ. ಕುರ್ಚಿ ಎಳೆದುಕೊಂಡು ದಾಂಕ್ವಾನ ಎದುರು ಕೂತ.

"ಕೇಳಿ ಅಡು. ಕೆಲಸ ಎರಡೂ ಒಂದೇ ಮಾಡೋದು. ಆಪರೇಷನ್ ಒಂದೇ ಸಲ, ಆದ್ರೆ ಹೋದದ್ದು ವಾಪಸ್ ಬರಲ್ಲ. ಸೂಜಿ ಆದ್ರೆ ನೀವು ಇದ್ದ ಹಾಗೇ ಇರ್ತೀರಿ, ಆದ್ರೆ ಒಂದು ಸಲಾನೂ ತಪ್ಪಿಸೋ ಹಾಗಿಲ್ಲ. ಔಷಧಿ ಮುಗಿದಿದೆ ಅಂದ್ರೆ ಅಕ್ರಾಗೆ ಓಡ್ಬೇಕು. ಮತ್ತೆ ಎರಡಕ್ಕೂ ಸೆಕೆ ಬರುತ್ತೆ. ಒಳಗೆ ಒಲೆ ಹಚ್ಚಿದ ಹಾಗೆ, ಇದ್ದಕ್ಕಿದ್ದ ಹಾಗೆ ಬೆವರು."

"ಬೆವರು ತಾನೆ?" ದಾಂಕ್ವಾನ ಮುಖದಲ್ಲಿ ಬಣ್ಣ ಮರಳಿತು. "ಸೂಜೀನೇ ಸರಿ."

ಅಂಪೋಫೊ ಹಲ್ಲು ಕಚ್ಚಿದ. ಹೊರಗೆ ಹೋಗುವಾಗ ಟೆಟ್ಟೆ ಅವನ ತೋಳು ಹಿಡಿದ. "ಇನ್ನೊಂದು ಸಲ ಈ ಕೋಣೇಲಿ ಸುಳ್ಳು ಹೇಳಿದ್ರೆ ನಿನ್ನ ಕುರ್ಚಿ ತೆಗೆದು ಹಾಕ್ತೀನಿ, ಮಾರಾಯ."

ಬೇವಿನ ಮರದ ಕೆಳಗೆ ದಾಂಕ್ವಾ ಕಾಯುತ್ತಿದ್ದ. ಕೈಯಲ್ಲಿ ಪುಟ್ಟ ಜಿನ್ ಬಾಟಲಿ. ಕೋಣೆಯ ಹೊರಗೆ ಅವನ ಗಂಟಲು ಮತ್ತೆ ಮುಖ್ಯಸ್ಥನದಾಗಿತ್ತು.

"ಅವರ ನಿಯಮ ಗಿಯಮ ನಂಗೆ ಸಾಲಲ್ಲ. ಇದನ್ನ ಸತ್ತ ಹಿರೀಕರಿಗೆ ಅಂತ ನೆಲಕ್ಕೆ ಸುರಿದು ಆಣೆ ಮಾಡು. ನನ್ನ ಕಾಯಿಲೆ ವಿಷಯ ನಿನ್ನ ಬಾಯಿಂದ ಬರಬಾರದು. ಯಾರು ಕೇಳಿದ್ರೂ."

"ರಾಣಿತಾಯಿ ಕೇಳಿದ್ರೂ?"

"ಅವಳು ಕೇಳಿದ್ರಂತೂ ಬರಲೇಬಾರದು. ಪೀಠ ಅವಳ ಕೈಲಿದೆ."

ಅಂಪೋಫೊ ಸುರಿದ. ಒಣ ಮಣ್ಣು ಜಿನ್ನನ್ನು ಒಂದೇ ಗುಟುಕಿಗೆ ಕುಡಿಯಿತು. ಬಸ್ಸಿನಲ್ಲಿ ಮನೆಗೆ ಬರುತ್ತ ಅವನು ಸಿಟ್ಟಿಗೆ ಅಳುವಂತಾಗಿದ್ದ. ಶತ್ರು ಕೈಗೆ ಸಿಕ್ಕಿ, ಇಡಿಯಾಗಿ ಎದ್ದುಹೋಗಿದ್ದ.

ಏಳು ವಾರ ಕಳೆಯಿತು. ಅಸುಕ್ರೋಮದ ಹಳೆಯ ಮೇಷ್ಟ್ರೊಬ್ಬರು ಸತ್ತರು. ಶನಿವಾರ ಅಂಪೋಫೊ ಸೂತಕದ ಕೆಂಪು ಕಪ್ಪು ಬಟ್ಟೆ ಸುತ್ತಿಕೊಂಡು ಹೋದ. ಉತ್ತರದ ಒಣಗಾಳಿಯ ಕಾಲ. ತುಟಿಗಳೆಲ್ಲ ಒಡೆದಿದ್ದವು, ಮುದುಕರು ಬಟ್ಟೆಯನ್ನು ಎರಡು ಸುತ್ತು ಹೊದ್ದು ಕೂತಿದ್ದರು. ಛತ್ರಿಯ ಕೆಳಗೆ ದಾಂಕ್ವಾ, ಕಾಲಲ್ಲಿ ಚಿನ್ನದ ಪಟ್ಟಿಯ ಪಾದರಕ್ಷೆ. ವಕ್ತಾರ ಕೋಲು ಎತ್ತುವ ಮೊದಲೇ ಅಂಪೋಫೊ ತಾನಾಗಿ ಹೆಂಗಸರ ಕಡೆ ನಡೆದ.

ಮುಂದಿನ ಸಾಲಿನಲ್ಲಿ ರಾಣಿತಾಯಿ ಪೊಮಾ ಇದ್ದಳು. ಎಂಬತ್ತು ವರ್ಷ, ಬೋಳಿಸಿದ ತಲೆ. ಮುಖ್ಯಸ್ಥನನ್ನು ಪೀಠಕ್ಕೆ ತರುವವಳೂ ಅವಳೇ, ಇಳಿಸುವ ಮಾತು ಮೊದಲು ಎತ್ತುವವಳೂ ಅವಳೇ. ಅಕ್ಕನ ಸಾವಿನ ದಿನ ಅಂಪೋಫೊಗೆ ಇದ್ದಕ್ಕಿದ್ದಂತೆ ಬೆವರು ಕಿತ್ತುಕೊಂಡಾಗ ತನ್ನ ಬೀಸಣಿಗೆ ಕೊಟ್ಟು, "ಇದು ನಮ್ಮ ಸೆಕೆ ಕಣೋ, ಮುಟ್ಟು ನಿಂತೋರದು. ನಿಂಗೆ ಹೇಗೆ ಬಂತು?" ಎಂದು ಕೇಳಿದ್ದಳು. ಆಪರೇಷನ್ ಆದವರಿಗೆ ಬರುತ್ತೆ ಎಂದು ಅವನು ನಾಚಿಕೆಯಿಂದ ಹೇಳಿದ್ದ. ಸುತ್ತಲಿನ ಮುದುಕಿಯರು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಕತ್ತಿಗೆ ಒದ್ದೆ ಬಟ್ಟೆ ಹಾಕಿಕೊಳ್ಳಲು ಕಲಿಸಿದ್ದರು.

"ಬಾ, ನಮ್ಮ ಗಂಡು ಗೆಳತಿ," ಎಂದಳು ಪೊಮಾ. ಅವನು ಪಕ್ಕದಲ್ಲಿ ಕೂತ.

ತಮಟೆ ನಿಂತು ವಕ್ತಾರ ಮಾತು ಶುರುಮಾಡಿದಾಗ ಪೊಮಾ ಎದುರಿಗೆ ಕಣ್ಣು ಕಿರಿದು ಮಾಡಿ ನೋಡಿದಳು. ಅಂಪೋಫೊ ಕೂಡ ನೋಡಿದ.

ದಾಂಕ್ವಾನ ಎದೆ ಹೊಳೆಯುತ್ತಿತ್ತು. ಅವನು ಬಟ್ಟೆಯ ತುದಿಯಿಂದ ಒರೆಸಿಕೊಂಡ. ಮತ್ತೆ ಹೊಳೆಯಿತು. ಬೀಸಣಿಗೆಯವರು ಜೋರಾಗಿ ಬೀಸಿದರು. ಪಕ್ಕದ ಹಿರಿಯರು ಚಳಿಗೆ ಬಟ್ಟೆ ಬಿಗಿ ಮಾಡಿಕೊಂಡರು.

"ಎದೆಯಿಂದ ಶುರುವಾಯ್ತು," ಎಂದಳು ಪೊಮಾ. "ಈಗ ಕತ್ತು. ನೋಡ್ತಾ ಇರಿ, ಈಗ ನೆತ್ತಿ."

ನೆತ್ತಿಯಿಂದ ಹನಿ ಇಳಿಯಿತು.

"ಇದು ನಮ್ಮದು," ಎಂದಳೊಬ್ಬ ಮುದುಕಿ ಹಿಂದಿನಿಂದ. ಈ ಸಲ ಯಾರೂ ನಗಲಿಲ್ಲ.

ಪೊಮಾ ತಿರುಗಿದಳು. "ಅಂಪೋಫೊ, ಆಪರೇಷನ್ ಆದ ಗಂಡಸಿಗೆ ಇದು ಬರುತ್ತೆ ಅಂದಿದ್ದೆ. ಬೇರೆ ಯಾತಕ್ಕಾದ್ರೂ ಬರುತ್ತಾ?"

ಸೂಜಿಗೂ ಬರುತ್ತೆ, ತಾಯಿ. ಅವನು ಇಡಿಯಾಗೇ ಇದ್ದಾನೆ. ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ಮೇಲೆ ಕೂತಿತ್ತು. ಅಂಪೋಫೊ ಅದನ್ನು ನಿಧಾನವಾಗಿ ಚೀಪಿದ.

"ನಾನು ಹೇಳೋ ಹಾಗಿಲ್ಲ ತಾಯಿ. ಆಣೆ ಇದೆ."

"ಯಾರಿಗೆ ಮಾಡಿದ ಆಣೆ?"

ಅವನು ಛತ್ರಿಯ ಕಡೆ ನೋಡಿದ, ಅಷ್ಟೆ.

ಪೊಮಾ ಕೋಲೂರಿ ಎದ್ದಳು. ಹೆಂಗಸರ ಸಾಲಿನಿಂದ ಗಂಡಸರ ಸಾಲಿಗೆ ಪಿಸುಮಾತು ಅಂಗಳ ದಾಟಿ ಹೋಯಿತು, ಅಂಪೋಫೊ ಒಮ್ಮೆ ದಾಟಿ ಬಂದ ದಾರಿಯಲ್ಲೇ. ಹಿರಿಯರು ಮುಖ್ಯಸ್ಥನ ಸುತ್ತ ಬಾಗಿದರು. ಒಳಕೋಣೆಗೆ ಬರಬೇಕಂತೆ. ದೇಹ ಇಡಿಯಾಗಿದೆ ಅಂತ ಬಟ್ಟೆ ಎತ್ತಿ ತೋರಿಸಬೇಕಂತೆ. ಪಾದರಕ್ಷೆ ಹೊರುವವನು ಆಗಲೇ ಆ ಚಿನ್ನದ ಪಟ್ಟಿಗಳನ್ನು ದಿಟ್ಟಿಸುತ್ತಿದ್ದ; ಪೀಠದಿಂದ ಇಳಿಸುವಾಗ ಮೊದಲು ಕಳಚುವುದು ಅವನ್ನೇ. ಇದ್ದರೂ ಪೀಠ ಹೋಯಿತು, ಇಲ್ಲದಿದ್ದರೂ ಹೋಯಿತು: ಬಟ್ಟೆ ಎತ್ತಿ ತೋರಿಸಿದವನ ಮುಂದೆ ನಾಳೆ ಯಾರು ತಲೆಬಾಗುತ್ತಾರೆ?

ವಕ್ತಾರ ಓಡುತ್ತ ಬಂದ. ಕೋಲು ಇರಲಿಲ್ಲ. ಅಂಪೋಫೊನ ಕಿವಿಯ ಹತ್ತಿರ ಕುಕ್ಕರಿಸಿದ.

"ನಾನಾ ನಿನ್ನನ್ನ ಆಣೆಯಿಂದ ಬಿಡಿಸಿದಾರೆ. ನೀನು ಬಂದು ಹಿರಿಯರ ಮುಂದೆ ಒಂದೇ ಒಂದು ಮಾತು ಹೇಳ್ಬೇಕಂತೆ. ಅದೇನೋ ಸೂಜಿ ವಿಷಯ. ಬಾ, ಅಪ್ಪಾ."

ಅಂಪೋಫೊನ ಬೆನ್ನಲ್ಲಿ ಅವನದೇ ಸೆಕೆ ಏಳುತ್ತಿತ್ತು. ಎದುರಿಗೆ ಛತ್ರಿಯ ಕೆಳಗಿನ ಮುಖ, ಇಲ್ಲಿ ಅವನ ಮುಖ, ಎರಡೂ ಒಟ್ಟಿಗೆ ತೊಯ್ದವು. ದಾಂಕ್ವಾನ ಕಣ್ಣು ಬೇಡುತ್ತಿತ್ತು. ಆ ಕಣ್ಣನ್ನು ಅಂಪೋಫೊ ಕಂಡದ್ದು ಒಂದೇ ಸಲ, ಆ ಕಾಗದ ಚಾಚಿದ ಗುರುವಾರ. ಟೆಟ್ಟೆ ಇದ್ದಿದ್ದರೆ ಈಗ ಎದ್ದು ಹೋಗಿ ಆ ಒಂದು ಮಾತು ಹೇಳಿಬಿಡುತ್ತಿದ್ದ.

"ಅದು ಗಂಡಸರ ಕಡೆ," ಎಂದ ಅಂಪೋಫೊ. "ನಾನು ಅಲ್ಲಿಗೆ ಬರೋ ಹಾಗಿಲ್ಲವಲ್ಲ. ಅವರದೇ ಅಪ್ಪಣೆ, ನಿನ್ನದೇ ಬಾಯಿ. ಮರೆತ್ಯಾ?"

"ಅಪ್ಪಾ, ದಮ್ಮಯ್ಯ..."

"ಅವರಿಗೆ ಮಾತು ಬೇಕಿದ್ರೆ ಇಲ್ಲಿಗೇ ಬರ್ಲಿ."

ಅವನು ಪೊಮಾ ಬಿಟ್ಟುಹೋದ ಕುರ್ಚಿಯನ್ನು ಹತ್ತಿರ ಎಳೆದ. ಹೆಗಲ ಬಟ್ಟೆಯಿಂದ ಅದರ ಮೇಲಿನ ಕೆಂಪು ಧೂಳನ್ನು ಒರೆಸಿದ. ತನ್ನ ಬೀಸಣಿಗೆಯನ್ನು ಅದರ ಮೇಲಿಟ್ಟು, ಕೈ ಕಟ್ಟಿ ಕಾಯುತ್ತ ಕೂತ.