ಅಜ್ಜಿಯ ಪಾಲಿನ ಡ್ರಮ್

ಒಂದು ಡ್ರಮ್ ರಸಮೇವಿಗೆ ಖರ್ಚು ಹೆಚ್ಚೇನಿಲ್ಲ. ಒಂದು ಗಾಡಿ ಎಳೆಸೊಪ್ಪು, ಇಬ್ಬರ ಅರ್ಧ ದಿನದ ಕೂಲಿ, ಹಳೆಯ ಪ್ಲಾಸ್ಟಿಕ್ ಡ್ರಮ್ಮಿಗೆ ಚಿಲ್ಲರೆ ಕಾಸು. ಅದೇ ಸೊಪ್ಪನ್ನು ಮರಗಳು ಬೋಳಾದ ಮೇಲೆ ದೂರದಿಂದ ತರಿಸಬೇಕೆಂದರೆ ಲಾರಿ ಬಾಡಿಗೆಯೇ ಹತ್ತು ಡ್ರಮ್ಮಿನ ಖರ್ಚನ್ನು ನುಂಗುತ್ತದೆ. ಅದಕ್ಕೇ ಮೃಗಾಲಯದ ಮೇವಿನ ಮೇಸ್ತ್ರಿ ಸೊಪ್ಪು ಹುಲುಸಾಗಿದ್ದಾಗಲೇ ಡ್ರಮ್ ತುಂಬಿಸಿ, ಗಾಳಿಯಾಡದಂತೆ ಮುಚ್ಚಿಸಿ ಹುಳಿಯಲು ಬಿಡುತ್ತಿದ್ದ; ಹಾಗಿಟ್ಟ ರಸಮೇವು ತಿಂಗಳುಗಟ್ಟಲೆ ಕೆಡದು. ಡ್ರಮ್ಮಿನೊಳಗೆ ನಿಂತು, ಸೊಪ್ಪಿನ ನಡುವೆ ಗಾಳಿ ಉಳಿಯದಂತೆ ತುಳಿಯುವವನು ಗುಂಡಣ್ಣ. "ನನ್ನ ತೂಕಕ್ಕೆ ಸಂಬಳ ಕೊಡೋ ಕೆಲ್ಸ ಲೋಕದಲ್ಲಿ ಇದೊಂದೇ" ಎನ್ನುತ್ತಿದ್ದ.

ಎಲ್ಲಕ್ಕಿಂತ ಮೆತ್ತನೆಯ ಸೊಪ್ಪಿನ ಡ್ರಮ್ಮನ್ನು ಮುದಿ ಜಿರಾಫೆಗೆಂದು ಎತ್ತಿಟ್ಟಿದ್ದರು. ಅದನ್ನು ಎಲ್ಲರೂ ಕರೆಯುತ್ತಿದ್ದುದು ಅಜ್ಜಿ ಎಂದೇ. ಹಲ್ಲು ಸವೆದು, ಒಣಹುಲ್ಲಾಗಲಿ ಬೇರೆ ಡ್ರಮ್ಮಿನ ಒರಟು ಸೊಪ್ಪಾಗಲಿ ಅದರ ಬಾಯಲ್ಲಿ ನುರಿಯುತ್ತಿರಲಿಲ್ಲ.

ಒಂದು ದಿನ ಮೇಸ್ತ್ರಿಯ ಹೆಂಡತಿಯ ಅಣ್ಣ ಮೃಗಾಲಯ ನೋಡಲು ಬಂದ. "ಏನಪ್ಪಾ, ಕೊಳೆತ ಸೊಪ್ಪು ಹಾಕೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ? ನಮ್ಮ ತಂಗಿ ನೋಡಿದ್ರೆ ಗಂಡ ಆಫೀಸರ್ ಅಂತ ಹೇಳ್ಕೊಂಡು ತಿರುಗ್ತಾಳೆ."

ಮೇಸ್ತ್ರಿಗೆ ಮೈ ಉರಿಯಿತು. "ಮೂಸಿ ನೋಡಿ ಭಾವ, ಆಮೇಲೆ ಮಾತಾಡಿ" ಎಂದು, ಇದ್ದುದರಲ್ಲಿ ಒಳ್ಳೆಯದೇ ಇರಲಿ ಎಂದು, ಅಜ್ಜಿಯ ಡ್ರಮ್ಮನ್ನೇ ತೆರೆದ. ಹುಳಿಸಿಹಿ ಪರಿಮಳ ಬಂತು. ಭಾವ ತಲೆದೂಗಿದ. ಮೇಸ್ತ್ರಿ ಬೀಗುತ್ತಾ ಮುಚ್ಚಳ ಹಾಕಿದ. ಒಮ್ಮೆ ಗಾಳಿ ಹೊಕ್ಕರೆ ಬೇಗ ತಿನ್ನಿಸಿ ಮುಗಿಸಬೇಕೆಂದು ಉಳಿದವರಿಗೆಲ್ಲ ಪಾಠ ಹೇಳುತ್ತಿದ್ದವನೇ ಅವನು. ಇಷ್ಟಕ್ಕೆಲ್ಲ ಏನಾಗುತ್ತೆ ಎಂದುಕೊಂಡ.

ಮರಗಳು ಬೋಳಾದವು. ಮೃಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವ ಡಾಕ್ಟರಮ್ಮನ ಎದುರಿಗೆ ಅಜ್ಜಿಯ ಡ್ರಮ್ ತೆರೆದಾಗ ಬೂಷ್ಟು ತಳದವರೆಗೂ ಇಳಿದಿತ್ತು.

"ಸರಿಯಾಗಿ ತುಳಿದಿಲ್ಲ ಇದನ್ನ" ಎಂದರು ಅವರು.

ಗುಂಡಣ್ಣ ತಲೆ ತಗ್ಗಿಸಿದ. "ಎಲ್ಲೋ ಸಡ್ಲ ಬಿಟ್ಟಿರ್ಬೇಕು ಮೇಡಂ. ತಪ್ಪು ನಂದೇ."

ಪಕ್ಕದಲ್ಲಿದ್ದ ಮೇಸ್ತ್ರಿ ನೆಲ ನೋಡುತ್ತ ನಿಂತ.

ಡಾಕ್ಟರಮ್ಮ ಬೇರೆ ಸೊಪ್ಪಿಗೆ ಹೇಳಿಕಳಿಸಿದರು, ಆದರೆ ಲಾರಿ ಬರುವುದು ತಡವಿತ್ತು. ಅಜ್ಜಿಯ ಪಕ್ಕೆಲುಬು ಎದ್ದು ಕಾಣತೊಡಗಿತು. ಗುಂಡಣ್ಣ ಕೆಲಸ ಮುಗಿಸಿ ಮನೆಮನೆಗೆ ಹೋಗಿ, ಬೇಲಿಯಲ್ಲಿ ಉಳಿದ ಹಸಿರನ್ನು ಬೇಡಿ ತಂದು ಅದರ ಮುಂದೆ ಹಿಡಿಯುತ್ತಿದ್ದ. "ತಿನ್ನವ್ವಾ, ನನ್ನ ಮೇಲಿನ ಸಿಟ್ಟು ಹೊಟ್ಟೆ ಮೇಲೆ ತೋರಿಸ್ಬೇಡ" ಎಂದು ಗೋಗರೆಯುವುದು ಮೇಸ್ತ್ರಿಯ ಕಿವಿಗೆ ಬಿತ್ತು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದ. ಆಮೇಲೆ ಗುಂಡಣ್ಣನಿಗೂ ಹೇಳಿದ.

ಗುಂಡಣ್ಣ ಕೈಯಲ್ಲಿದ್ದ ಕೊಂಬೆಯನ್ನು ಕೆಳಗಿಡಲಿಲ್ಲ. "ಇಷ್ಟು ದಿನ ನನ್ನ ಕಾಲನ್ನೇ ನಾನು ಬೈಕೊಂಡ್ನಲ್ಲ ಮೇಸ್ತ್ರಿ. ನೀವು ನೋಡ್ತಾನೇ ಇದ್ರಿ."

ಲಾರಿ ಬಂತು. ಅಜ್ಜಿ ಉಳಿಯಿತು. ಗುಂಡಣ್ಣ ಮಾತ್ರ ಮೇಸ್ತ್ರಿಯ ಕೈಕೆಳಗೆ ಮತ್ತೆ ಕೆಲಸ ಮಾಡಲಿಲ್ಲ.